ಹಿಮವನ್ನು ತಕ್ಕಡಿಗೆ ಹಾಕಿದೆ

2022ರ ಡಿಸೆಂಬರಿನಲ್ಲಿ ಅಮೆರಿಕದ ಬಫಲೋ ಊರಿಗೆ ಬಡಿದ ಹಿಮಗಾಳಿಯಲ್ಲಿ ನನ್ನ ಮರ್ಯಾದೆ ಹೋಯಿತು. ಬಿದ್ದ ಹಿಮದ ಆಳ ಅಳೆಯಲು ಅಂಗಳದ ನಟ್ಟನಡುವೆ ಇಟ್ಟಿದ್ದ ಹಲಗೆಯನ್ನು ಗಾಳಿ ಗುಡಿಸಿಟ್ಟಿತ್ತು. ಹತ್ತು ಹೆಜ್ಜೆ ಆಚೆ ಗ್ಯಾರೇಜಿನ ಬಾಗಿಲಿಗೆ ಎದೆಮಟ್ಟದ ದಿಬ್ಬ. ಮಳೆ-ಹಿಮ ಹಿಡಿಯುವ ಕೊಳವೆ ಮಾಪಕದೊಳಗೆ ಒಂದು ಮುಷ್ಟಿ ಹಿಮ. ಮನೆಮನೆಯಲ್ಲಿ ಮಳೆ-ಹಿಮ ಅಳೆಯುವ ಹವ್ಯಾಸಿಗಳ ಜಾಲ ಕೊಕೊರಾಸ್‌ಗೆ ಕಳಿಸುವ ವರದಿಯಲ್ಲಿ ಆ ದಿನದ ಅಂಕಣ ಖಾಲಿ ಬಿಟ್ಟೆ.

ಮರುವರ್ಷ ಗಾಳಿತಡೆ ಬೇಲಿಗೆ ನೂರೈವತ್ತು ಡಾಲರ್ ಸುರಿದೆ. ಅದೋ, ಸರಿಯಾಗಿ ಹಲಗೆಯ ಮೇಲೇ ದಿಬ್ಬ ಕಟ್ಟಿಕೊಟ್ಟಿತು! ಈಗ ಟೊಮೆಟೊ ಗಿಡಕ್ಕೆ ಆಸರೆಯಾಗಿದೆ. ಆಮೇಲೆ ಬಿಳಿ ಬಣ್ಣ ಬಳಿದ ಮೂರು ಪ್ಲೈವುಡ್ ಚೂರು ಮಾಡಿಸಿ ಮೂರು ಮೂಲೆಗೆ ಹಾಕಿದೆ. ಎಲ್ಲಾ ಸೇರಿ ಅರವತ್ತರೊಳಗೆ ಮುಗಿಯಿತು. ಹಿಮ ಕಚ್ಚಿಕೊಳ್ಳದ ಹಾಗೆ ಹಲಗೆಗೆ ಏನು ಸವರುತ್ತೇನೆ ಅಂತ ಮಾತ್ರ ಕೇಳಬೇಡಿ, ಅಡುಗೆಮನೆಯದೇ ಸಾಮಾನು.

2024ರ ಜನವರಿಯಲ್ಲಿ ಊರಿನ ಫುಟ್‌ಬಾಲ್ ತಂಡ ಬಿಲ್ಸ್‌ನ ಪಂದ್ಯವನ್ನೇ ಸೋಮವಾರಕ್ಕೆ ತಳ್ಳಿದ ಬಿರುಗಾಳಿ ಬಂತಲ್ಲ, ಆಗ ಪರೀಕ್ಷೆ. ಹತ್ತು ಕಡೆ ಕೋಲು ಊರಿದೆ, ನೆಲ ಕಂಡ ಜಾಗ, ದಿಬ್ಬ ಎರಡನ್ನೂ ಬಿಟ್ಟೆ. ಸರಾಸರಿ ಹದಿನೇಳು ಇಂಚಿನ ಆಸುಪಾಸು. ಪೊದೆಯ ಮರೆಯ ಹಲಗೆಯೂ ಅಷ್ಟೇ ಹೇಳಿತು, ಅದರ ಮೇಲೇ ಮಾಪಕದ ಹೊರಕೊಳವೆ ಕವುಚಿ ಒತ್ತಿದೆ. ಕೊಳವೆ ಹಿಡಿಯುವುದು ಹನ್ನೊಂದು ಇಂಚು! ಮೊದಲ ಸಲ ಜೋರಾಗಿ ಒತ್ತಿ ಅರ್ಧ ಚೆಲ್ಲಿದೆ. ಪಕ್ಕದಲ್ಲಿ ಹೊಸದಾಗಿ ಶುರುಮಾಡಿ, ನಡುವೆ ದೋಸೆ ಸಟ್ಟುಗ ತೂರಿಸಿ ಮೇಲಿನ ಅರ್ಧ ಎತ್ತಿದೆ, ಆಮೇಲೆ ಕೆಳಗಿನರ್ಧ.

ಒಳಗೆ ತಂದು ಅಡುಗೆ ತಕ್ಕಡಿಯಲ್ಲಿ ಇಟ್ಟೆ. ನಾಲ್ಕಿಂಚು ಬಾಯಿಯ ಕೊಳವೆಯಲ್ಲಿ ಒಂದಿಂಚು ನೀರೆಂದರೆ ಸುಮಾರು 206 ಗ್ರಾಂ. ಕೊಳವೆಯ ತೂಕ ಕಳೆದು ಎರಡೂ ಕಂತು ಸೇರಿ ಮುನ್ನೂರು ಬಂತು, ಅಂದರೆ ಒಂದೂವರೆ ಇಂಚಿಗೆ ಚೂರು ಕಡಿಮೆ ನೀರು. "ಏನಯ್ಯಾ, ಹಿಮ ತೂಗೋದಕ್ಕೆ ತರಕಾರಿನಾ?" ಅಂದಿದ್ದ ಮೈಸೂರಿನ ಗೆಳೆಯನನ್ನು ಕೂರಿಸಿಕೊಂಡೇ, ಕುಕ್ಕರಿನ ಡಬ್ಬಿಯಲ್ಲಿ ಅಳೆದ ಬಿಸಿನೀರು ಹಾಕಿ ಕರಗಿಸಿದೆ. ಮಾಪಕದ ಸಣ್ಣ ಒಳಕೊಳವೆಯಲ್ಲಿ ಅಳೆದು ಬಿಸಿನೀರಿನ ಲೆಕ್ಕ ಕಳೆದರೆ, ತೂಕದ ಲೆಕ್ಕಕ್ಕೂ ಇದಕ್ಕೂ ಇಂಚಿನ ನೂರರಲ್ಲಿ ಎರಡು ಭಾಗ ವ್ಯತ್ಯಾಸ, ಅಷ್ಟೇ. ಅವನು ಇನ್ನೊಂದು ಕಾಫಿ ಕೇಳಿದ.

ನಡುವೆ ಇನ್ನೊಂದು ಹುಚ್ಚು: ಗಾಳಿಯಿಲ್ಲದ ಬೆಳಿಗ್ಗೆ ಬಿದ್ದ, ಸರೋವರದ ತೇವದಿಂದ ಹುಟ್ಟುವ ಹಿಮ ತೂಗಿದರೆ ಇಪ್ಪತ್ತೈದು ಇಂಚಿಗೆ ಒಂದಿಂಚು ನೀರು. ಬಿರುಗಾಳಿಯದು ಹನ್ನೆರಡಕ್ಕೆ ಒಂದು. ಹತ್ತಕ್ಕೊಂದು ಅಂತ ಕಣ್ಣುಮುಚ್ಚಿ ಬರೆಯುವವರು ಒಮ್ಮೆ ತೂಗಿ ನೋಡಲಿ.

ಮನೆಯಲ್ಲಿ ಈಗ ಸಟ್ಟುಗ ಎರಡಿವೆ. ಹಿಮದ್ದರ ಹಿಡಿಗೆ ಕೆಂಪು ಟೇಪು ಸುತ್ತಿಟ್ಟಿದ್ದಾಳೆ ನನ್ನ ಹೆಂಡತಿ.