ಯುವ ಎಕ್ಸ್‌ಪ್ರೆಸ್ ಬರಲಿಲ್ಲ, ಊರಿಗೆ ಅರ್ಧ ದರದಲ್ಲಿ ಹೋಗುವುದು ಹೇಗೆ?

2009ರ ಜುಲೈ ರೈಲ್ವೆ ಬಜೆಟ್‌ನಲ್ಲಿ ಆಗಿನ ರೈಲ್ವೆ ಸಚಿವೆ ಮಮತಾ ಬ್ಯಾನರ್ಜಿ 'ಯುವ' ರೈಲು ಘೋಷಿಸಿದಾಗ ಹೇಳಿದ ದರ 1500 ಕಿ.ಮೀ.ವರೆಗೆ 299 ರೂಪಾಯಿ, 2500 ಕಿ.ಮೀ.ವರೆಗೆ 399. ಪೂರ್ತಿ ಎಸಿ, ಆದರೆ ಕೂರುವ ಸೀಟು ಮಾತ್ರ. ನೂರಕ್ಕೆ 60 ಸೀಟು 18ರಿಂದ 45 ವರ್ಷದವರಿಗೆ (ರೈಲ್ವೆಯ ಯೌವನ ಉದಾರವಾಗಿತ್ತು). ದೆಹಲಿಯಿಂದ ಹೌರಾ ಮತ್ತು ಮುಂಬೈ ಕಡೆಗೆ ಓಡಿತು. ಇಡೀ ರಾತ್ರಿ ಕೂತೇ ಸಾಗಬೇಕಾದ ಗಾಡಿ, ಬೆನ್ನಿಗೆ ಹಿತವಲ್ಲ. ಕರ್ನಾಟಕಕ್ಕಂತೂ ಅದು ಬರಲೇ ಇಲ್ಲ.

ಈಗ ಉಳಿದಿರುವುದು ವಿದ್ಯಾರ್ಥಿ ರಿಯಾಯಿತಿ. 2020ರ ಮಾರ್ಚ್‌ನಲ್ಲಿ ಬಹುತೇಕ ರಿಯಾಯಿತಿಗಳನ್ನು ನಿಲ್ಲಿಸಿದಾಗಲೂ ಇದು ಉಳಿಯಿತು. ರಜೆಗೆ ಊರಿಗೆ ಹೋಗುವವರಿಗೆ ಸೆಕೆಂಡ್ ಕ್ಲಾಸ್ ಮತ್ತು ಸ್ಲೀಪರ್‌ನಲ್ಲಿ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 75.

ಮೊದಲು ಕಾಲೇಜು ಕಚೇರಿಯಲ್ಲಿ ರೈಲ್ವೆ ಕನ್ಸೆಶನ್ ಫಾರ್ಮ್ ಕೇಳಿ. ಓದುವ ಊರಿನ ಸ್ಟೇಷನ್, ಮನೆಯ ಸ್ಟೇಷನ್ ಎರಡನ್ನೂ ಬರೆಸಿ, ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ. ಹೊಡೆದು ತಿದ್ದಿದ ಫಾರ್ಮ್ ಬೇಡ, ಹೊಸದನ್ನೇ ಬರೆಸಿ. ತಿದ್ದಿದ್ದು ಕೌಂಟರಿನಲ್ಲಿ ತಿರಸ್ಕಾರವಾಗಬಹುದು. ಈ ರಿಯಾಯಿತಿಯನ್ನು ರೈಲ್ವೆಯ ಆನ್‌ಲೈನ್ ಟಿಕೆಟ್ ತಾಣ ಐಆರ್‌ಸಿಟಿಸಿಯಲ್ಲಿ ಹುಡುಕಬೇಡಿ. ಟಿಕೆಟ್ ಸಿಗುವುದು ರಿಸರ್ವೇಶನ್ ಕೌಂಟರಿನಲ್ಲಿ. ಬುಕಿಂಗ್ ತೆರೆಯುವುದು 60 ದಿನ ಮೊದಲು. ದಸರಾ, ದೀಪಾವಳಿಗಾದರೆ ಫಾರ್ಮಿಗೆ ಅದಕ್ಕಿಂತ ಒಂದು ವಾರ ಮುಂಚೆಯೇ ಓಡಾಡಿ. ತತ್ಕಾಲ್‌ನಲ್ಲಿ ರಿಯಾಯಿತಿ ಇಲ್ಲ, ಕಡಿಮೆ ದರದ ಎಸಿ ರೈಲು ಗರೀಬ್ ರಥದಲ್ಲೂ ಇಲ್ಲ.

ಅರ್ಧವಾಗುವುದು ಮೂಲ ದರ ಮಾತ್ರ. ಸ್ಲೀಪರ್‌ಗೆ ರಿಸರ್ವೇಶನ್ ಶುಲ್ಕ 20, ಸೂಪರ್‌ಫಾಸ್ಟ್ ಶುಲ್ಕ 30 ರೂಪಾಯಿ ಪೂರ್ತಿ ಕಟ್ಟಬೇಕು. ಟಿಕೆಟ್ ಮೇಲಿನ ಮೊತ್ತ ಸರಿ ಅರ್ಧ ಇಲ್ಲವೆಂದು ಕೌಂಟರಿನವರ ಜತೆ ಜಗಳಕ್ಕೆ ನಿಲ್ಲಬೇಡಿ.

ದೂರದ ಪಯಣವನ್ನು ತುಂಡು ಮಾಡಬೇಡಿ. ದೂರ ಹೆಚ್ಚಿದಷ್ಟೂ ಕಿ.ಮೀ. ಲೆಕ್ಕದ ದರ ಇಳಿಯುತ್ತದೆ. ದೆಹಲಿಯಿಂದ ಬೆಂಗಳೂರಿಗೆ ಸುಮಾರು 2400 ಕಿ.ಮೀ.; ಭೋಪಾಲ್‌ವರೆಗೆ ಒಂದು, ಅಲ್ಲಿಂದ ಇನ್ನೊಂದು ಎಂದು ತೆಗೆದರೆ ಎರಡೂ ಟಿಕೆಟ್ ದುಬಾರಿ ದರದಿಂದಲೇ ಶುರುವಾಗುತ್ತವೆ. ಮೇಲಿನ ಶುಲ್ಕಗಳೂ ಎರಡೆರಡು ಸಲ.

ಸೀಟು ಸಿಗದೆ ಜನರಲ್ ಬೋಗಿಯೇ ಗತಿಯಾದರೆ, 200 ಕಿ.ಮೀ. ಮೀರಿದ ಟಿಕೆಟನ್ನು ಮೂರು ದಿನ ಮೊದಲೇ ತೆಗೆಯಬಹುದು. ಸೂಪರ್‌ಫಾಸ್ಟ್ ಗಾಡಿ ಹತ್ತುವುದಾದರೆ 15 ರೂಪಾಯಿ ಶುಲ್ಕ ಸೇರಿಸಿಯೇ ಕೊಳ್ಳಿ, ಇಲ್ಲದಿದ್ದರೆ ಟಿಕೆಟ್ ತಪಾಸಣೆ ಮಾಡುವ ಟಿಟಿಇ ದಂಡ ಸೇರಿಸುತ್ತಾರೆ.

ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ ಆನ್‌ಲೈನ್ ಟಿಕೆಟ್, ಸೀಟು ಹಂಚಿಕೆಯ ಅಂತಿಮ ಪಟ್ಟಿ (ಚಾರ್ಟ್) ಆದ ಮೇಲೆ ತಾನಾಗಿ ರದ್ದಾಗಿ ಹಣ ವಾಪಸಾಗುತ್ತದೆ. ಕೌಂಟರ್ ಟಿಕೆಟ್ ಹಾಗಲ್ಲ. ಗಾಡಿ ಹೊರಡಲು ಕನಿಷ್ಠ ಅರ್ಧ ಗಂಟೆ ಇರುವಾಗಲೇ ನೀವೇ ರದ್ದು ಮಾಡಿಸಬೇಕು.