ನಿಸರ್ಗದ ಅಪೂರ್ವ ವಿಸ್ಮಯಗಳನ್ನು ನೋಡಲು ಹೊರಡುವವರಿಗೆ: ಕಾರಣ ತಿಳಿದು ಕಾಲ ಆರಿಸುವ ಕ್ರಮ

ಬೊಲಿವಿಯಾದ ಸಲಾರ್ ದೆ ಉಯುನಿ ಎಂಬ ಉಪ್ಪಿನ ಬಯಲಿಗೆ ಜುಲೈ ತಿಂಗಳಲ್ಲಿ ಹೋದವರಿಗೆ ಕಾಣುವುದು ಕಣ್ಣು ಕೋರೈಸುವ ಬಿಳಿ ನೆಲ ಮತ್ತು ಅದರ ತುಂಬ ಹರಡಿಕೊಂಡ ಷಟ್ಕೋನಾಕಾರದ ಉಪ್ಪಿನ ಏರುಗಳು. ಅದೇ ಬಯಲಿಗೆ ಫೆಬ್ರವರಿಯಲ್ಲಿ ಹೋದವರಿಗೆ, ಮಳೆ ಸರಿಯಾಗಿ ಬಿದ್ದಿದ್ದರೆ, ಕೆಲವೇ ಸೆಂಟಿಮೀಟರ್ ಆಳದ ನೀರಿನಲ್ಲಿ ಇಡೀ ಆಕಾಶ ಪ್ರತಿಫಲಿಸಿ ದಿಗಂತದ ಗೆರೆಯೇ ಅಳಿಸಿಹೋದಂತೆ ತೋರುತ್ತದೆ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ಆ ಬಯಲು ಒಂದೇ ಆದರೂ ಅಲ್ಲಿನ ದೃಶ್ಯಗಳು ಎರಡು. ಜಗತ್ತಿನ ಅಪರೂಪದ ನೈಸರ್ಗಿಕ ವಿಸ್ಮಯಗಳಲ್ಲಿ ಹೆಚ್ಚಿನವು ಒಂದು ಜಾಗದಲ್ಲಿ ಸದಾಕಾಲ ಸಿದ್ಧವಾಗಿರುವ ವಸ್ತುಗಳಲ್ಲ. ಹಲವು ಕಾರಣಗಳು ಕೂಡಿಬಂದಾಗ ಮಾತ್ರ ನಡೆಯುವ ಘಟನೆಗಳು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ಮಾಡಬೇಕಾದ ಕೆಲಸವೆಂದರೆ, ನೀವು ನೋಡಬಯಸುವ ದೃಶ್ಯ ಯಾವ ಕಾರಣದಿಂದ ಉಂಟಾಗುತ್ತದೆ ಎಂಬುದನ್ನು ಓದಿ ತಿಳಿದುಕೊಳ್ಳುವುದು. ಯಾವಾಗ ಹೋಗಬೇಕು, ಎಲ್ಲಿ ನಿಲ್ಲಬೇಕು, ಏನನ್ನು ಮಾಡಬಾರದು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಕೊಲಂಬಿಯಾದ ಕಾನ್ಯೊ ಕ್ರಿಸ್ಟಾಲೆಸ್ ಹೊಳೆಯನ್ನೇ ತೆಗೆದುಕೊಳ್ಳಿ. ಅದರ ಕೆಂಪು ಬಣ್ಣ ನೀರಿನದಲ್ಲ. ತಳದ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಮಕರೇನಿಯಾ ಕ್ಲಾವಿಗೆರಾ ಎಂಬ ಜಲಸಸ್ಯದ್ದು. ನೀರು ತೀರಾ ಹೆಚ್ಚಿದರೆ ಬಿಸಿಲು ತಳ ಮುಟ್ಟುವುದಿಲ್ಲ, ತೀರಾ ಇಳಿದರೆ ಗಿಡ ಒಣಗುತ್ತದೆ. ಹೀಗಾಗಿ ಬಣ್ಣ ಕಾಣುವ ಕಾಲ ಸುಮಾರಾಗಿ ಜೂನ್‌ನಿಂದ ನವೆಂಬರ್‌ವರೆಗೆ ಮಾತ್ರ. ಆ ಹೊಳೆಗೆ ಇಳಿಯುವವರು ಸನ್‌ಸ್ಕ್ರೀನ್ ಆಗಲಿ ಕೀಟನಿವಾರಕವಾಗಲಿ ಹಚ್ಚಿಕೊಳ್ಳಬಾರದು ಎಂಬ ನಿಯಮ ಏಕಿದೆ ಎಂಬುದೂ ಈ ಕಾರಣವನ್ನು ಅರಿತವರಿಗೆ ಬೇರೆ ಹೇಳಬೇಕಾಗಿಲ್ಲ. ವೆನೆಜುವೆಲಾದ ಮರಕೈಬೊ ಸರೋವರದ ಮೇಲೆ ರಾತ್ರಿಯಿಡೀ ಮಿಂಚುವ ಕಟಟುಂಬೊ ಮಿಂಚಿಗೂ ಹೀಗೆಯೇ ಒಂದು ಲೆಕ್ಕವಿದೆ. ಬೆಚ್ಚನೆಯ ಸರೋವರದಿಂದ ಏಳುವ ತೇವದ ಗಾಳಿ, ರಾತ್ರಿ ಆಂಡಿಸ್ ಪರ್ವತಗಳಿಂದ ಇಳಿಯುವ ತಂಪು ಗಾಳಿಯನ್ನು ಸಂಧಿಸಿದಾಗ ಅಲ್ಲಿ ಗುಡುಗುಮೋಡ ಕಟ್ಟುತ್ತದೆ. ವರ್ಷಕ್ಕೆ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 233 ಮಿಂಚುಗಳು ಅಲ್ಲಿ ದಾಖಲಾಗಿವೆ. ಆದರೂ ಜನವರಿ, ಫೆಬ್ರವರಿಗಳಲ್ಲಿ ಹೋದವರು ಏನನ್ನೂ ಕಾಣದೆ ಹಿಂತಿರುಗಬಹುದು. 2010ರ ಆರಂಭದ ಬರಗಾಲದಲ್ಲಂತೂ ಮಿಂಚು ಹಲವು ವಾರ ನಿಂತೇಹೋಗಿತ್ತು.

ಕೆಲವು ದೃಶ್ಯಗಳಿಗೆ ತಿಂಗಳು ಗೊತ್ತಿದ್ದರೂ ಸಾಲದು. ಅಮೆರಿಕದ ಯೊಸೆಮಿಟಿಯಲ್ಲಿರುವ ಹಾರ್ಸ್‌ಟೇಲ್ ಜಲಪಾತ ಫೆಬ್ರವರಿ ನಡುವಿನಿಂದ ಕೊನೆಯವರೆಗೆ ಸಂಜೆಯ ಕೆಲವೇ ನಿಮಿಷ ಬೆಂಕಿಯ ಧಾರೆಯಂತೆ ಹೊಳೆಯುತ್ತದೆ. ಅದಕ್ಕೆ ಮುಳುಗುವ ಸೂರ್ಯನ ಕೋನ, ಮೇಲೆ ಕರಗಿದ ಹಿಮದ ನೀರು, ಪಶ್ಚಿಮದಲ್ಲಿ ಮೋಡವಿಲ್ಲದ ಬಾನು ಮೂರೂ ಬೇಕು.

ರಾತ್ರಿಯ ದೃಶ್ಯಗಳಿಗೆ ಹೊರಡುವವರು ಪಂಚಾಂಗವನ್ನು ತಪ್ಪದೆ ನೋಡಬೇಕು. ಆಫ್ರಿಕಾದ ವಿಕ್ಟೋರಿಯಾ ಜಲಪಾತದ ಬೆಳದಿಂಗಳ ಕಾಮನಬಿಲ್ಲು ಕಾಣಲು ಹುಣ್ಣಿಮೆಯ ಆಸುಪಾಸು ಬೇಕು, ತುಂತುರು ದಟ್ಟವಾಗಿ ಏಳುವಷ್ಟು ನದಿ ತುಂಬಿರಬೇಕು, ಮತ್ತು ನೋಡುವವರು ಚಂದ್ರನಿಗೆ ಬೆನ್ನುಮಾಡಿ ನಿಲ್ಲಬೇಕು. ಪೋರ್ಟೊ ರಿಕೊದ ಮಸ್ಕೀಟೊ ಕೊಲ್ಲಿಯದು ಇದಕ್ಕೆ ತದ್ವಿರುದ್ಧ. ಅಲ್ಲಿ ನೀರನ್ನು ಕದಡಿದಾಗ ನೀಲಿಯಾಗಿ ಮಿನುಗುವುದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಬೆಳಕು. ಅಮಾವಾಸ್ಯೆಯ ಕತ್ತಲಲ್ಲಿ ಹುಟ್ಟು ಹಾಕಿದಲ್ಲೆಲ್ಲ ಕಿಡಿಯೇಳುವ ಆ ನೀರು ಬೆಳದಿಂಗಳಲ್ಲಿ ಬಹುಮಟ್ಟಿಗೆ ಸಪ್ಪೆಯಾಗಿಬಿಡುತ್ತದೆ.

ಧ್ರುವಪ್ರಭೆಯ ವಿಷಯದಲ್ಲಿ ಸಿದ್ಧತೆ ಹೆಚ್ಚು ಬೇಕು, ಏಕೆಂದರೆ ಅದು ಸೂರ್ಯನನ್ನೂ ನೆಲದ ಹವಾಮಾನವನ್ನೂ ಏಕಕಾಲಕ್ಕೆ ಅವಲಂಬಿಸಿದೆ. ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳ ಪ್ರವಾಹ ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಅಲ್ಲಿಂದ ಕಣಗಳು ಧ್ರುವಗಳ ಸುತ್ತಲಿನ ವಾತಾವರಣಕ್ಕೆ ಧುಮುಕಿ ಅನಿಲಗಳನ್ನು ಬೆಳಗಿಸುತ್ತವೆ. ನೂರು ಕಿಲೋಮೀಟರಿಗೂ ಎತ್ತರದಲ್ಲಿ ಆಮ್ಲಜನಕ ಹಸಿರನ್ನು ಕೊಡುತ್ತದೆ, ಇನ್ನೂರು ಕಿಲೋಮೀಟರ್ ದಾಟಿದ ಮೇಲೆ ಅದೇ ಆಮ್ಲಜನಕ ಕೆಂಪನ್ನು ಕೊಡುತ್ತದೆ, ಕೆಳಗಿನ ಅಂಚಿನ ನೇರಳೆ ಛಾಯೆ ಸಾರಜನಕದ್ದು. ನಾರ್ವೆಯ ಟ್ರಾಮ್ಸೊ, ಸ್ವೀಡನ್ನಿನ ಅಬಿಸ್ಕೊ, ಕೆನಡಾದ ಯೆಲ್ಲೊನೈಫ್‌ಗಳಲ್ಲಿ ನಡುಬೇಸಿಗೆಯಲ್ಲಿ ರಾತ್ರಿಯೇ ಕಪ್ಪಾಗುವುದಿಲ್ಲ. ಆದ್ದರಿಂದ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯನ್ನು ಆರಿಸಬೇಕು. ಹಗಲು ರಾತ್ರಿ ಸಮವಾಗುವ ವಿಷುವತ್ತುಗಳ ಸಮೀಪದ ವಾರಗಳಲ್ಲಿ ಕಾಂತಕ್ಷೇತ್ರದ ಕಲಕಾಟ ಸರಾಸರಿಗಿಂತ ಹೆಚ್ಚಿರುವುದರಿಂದ ನನ್ನ ಒಲವು ಮಾರ್ಚ್ ಮತ್ತು ಸೆಪ್ಟೆಂಬರ್ ಕಡೆಗೇ.

ಮುನ್ಸೂಚನೆ ನೋಡುವಾಗ ಕಾಂತಕ್ಷೇತ್ರದ ಕಲಕಾಟವನ್ನು ಸೊನ್ನೆಯಿಂದ ಒಂಬತ್ತರವರೆಗೆ ಅಳೆಯುವ ಕೆಪಿ ಸೂಚ್ಯಂಕವೊಂದನ್ನೇ ನಂಬಿ ಕೂರಬೇಡಿ. ಮೇಲೆ ಹೇಳಿದ ಊರುಗಳಲ್ಲಿ ಎರಡು ಅಥವಾ ಮೂರರ ಸೂಚ್ಯಂಕವೇ ಸಾಕಾಗುತ್ತದೆ. ಅಲ್ಲಿ ನಿರ್ಣಾಯಕವಾಗುವುದು ಮೋಡ. ಒಂದೇ ರಾತ್ರಿಯ ಮೇಲೆ ಪ್ರವಾಸವನ್ನು ಪಣಕ್ಕೊಡ್ಡದೆ ಕನಿಷ್ಠ ನಾಲ್ಕೈದು ರಾತ್ರಿ ಇರುವಂತೆ ಯೋಜಿಸಿ. ಹೊರಗೆ ನಿಂತ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಮೊಬೈಲ್ ಪರದೆಯನ್ನು ನೋಡದೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಬಿಡಿ. ಮೊದಲು ಕಾಣುವುದು ಬಹುಶಃ ಬೂದುಬಣ್ಣದ ಒಂದು ಪಟ್ಟಿ. ಮೋಡವೆಂದು ಭಾವಿಸಿ ಕಣ್ಣು ಹೊರಳಿಸಬೇಡಿ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿ ಕಡಿಮೆ. ಆ ಪಟ್ಟಿಯ ಹಿಂದೆ ನಕ್ಷತ್ರಗಳು ಕಾಣುತ್ತಿದ್ದು, ಅದರ ಕೆಳಅಂಚು ನಿಧಾನವಾಗಿ ಮಡಿಕೆಬೀಳುತ್ತಿದ್ದರೆ ಅದು ಧ್ರುವಪ್ರಭೆಯೇ. ಚಿತ್ರ ತೆಗೆಯುವವರು ಟ್ರೈಪಾಡ್ ಬಳಸಿ, ಪ್ರಕಾಶಮಾನವಾದ ನಕ್ಷತ್ರವೊಂದರ ಮೇಲೆ ಕೈಯಿಂದಲೇ ಫೋಕಸ್ ಮಾಡಿ, ಐದರಿಂದ ಹದಿನೈದು ಸೆಕೆಂಡುಗಳ ಎಕ್ಸ್‌ಪೋಶರ್‌ನಿಂದ ಆರಂಭಿಸಬಹುದು. ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಒಳಗೆ ಬರುವ ಮೊದಲೇ ಕ್ಯಾಮೆರಾವನ್ನು ಚೀಲದಲ್ಲಿ ಬಿಗಿಯಾಗಿ ಮುಚ್ಚಿದರೆ ಲೆನ್ಸಿನ ಮೇಲೆ ತೇವ ಕಟ್ಟುವುದಿಲ್ಲ.

ಹಗಲಿನ ದೃಶ್ಯಗಳಲ್ಲೂ ಗಂಟೆಯ ಆಯ್ಕೆ ಮುಖ್ಯ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬಿಸಿನೀರಿನ ಬುಗ್ಗೆ ಸುಮಾರು 110 ಮೀಟರ್ ಅಗಲವಾಗಿದೆ. ನಡುವಿನ ನೀರು ಅತಿಯಾಗಿ ಬಿಸಿಯಿರುವುದರಿಂದ ಅಲ್ಲಿ ಬಣ್ಣದ ಸೂಕ್ಷ್ಮಜೀವಿಗಳು ಬದುಕುವುದಿಲ್ಲ, ನೀರು ಗಾಢ ನೀಲಿಯಾಗಿಯೇ ಉಳಿಯುತ್ತದೆ. ಅಂಚಿನ ಕಡೆಗೆ ನೀರು ಆರುತ್ತಾ ಸುಮಾರು 73 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸಯನೋಬ್ಯಾಕ್ಟೀರಿಯಾಗಳ ಹಳದಿ ಪದರ ತೊಡಗಿ, ಮುಂದೆ ಕಿತ್ತಳೆ, ಆಮೇಲೆ ಕಂದು ಬರುತ್ತದೆ. ಅಂದರೆ ಆ ಬಣ್ಣಗಳ ಬಳೆಗಳು ನೀರಿನ ಉಷ್ಣತೆಯನ್ನೇ ತೋರಿಸುತ್ತಿರುತ್ತವೆ. ಚಳಿಯ ಮುಂಜಾನೆ ಹಬೆ ಎಲ್ಲವನ್ನೂ ಮುಚ್ಚುವುದರಿಂದ ಬೆಚ್ಚಗಿನ ದಿನದ ಮಧ್ಯಾಹ್ನ ಹೋಗಬೇಕು. ಬುಗ್ಗೆಯ ಪಕ್ಕದ ಮರದ ಹಾದಿಯಿಂದ ಪೂರ್ಣ ವೃತ್ತ ಕಾಣದು. ಅದಕ್ಕೆ ಫೇರಿ ಫಾಲ್ಸ್ ದಾರಿಯಲ್ಲಿರುವ ಎತ್ತರದ ವೀಕ್ಷಣಾ ಸ್ಥಳಕ್ಕೆ ಏರಬೇಕು. ಹಾದಿಯಿಂದ ಮಾತ್ರ ಎಂದಿಗೂ ಕೆಳಗಿಳಿಯಬೇಡಿ, ತೆಳುವಾದ ಆ ನೆಲದ ಅಡಿಯಲ್ಲಿ ಕುದಿಯುವ ನೀರಿದೆ. ಅದೇ ಉದ್ಯಾನದ ಮಾರ್ನಿಂಗ್ ಗ್ಲೋರಿ ಎಂಬ ಕೊಳ ಒಂದು ಕಾಲದಲ್ಲಿ ಅಚ್ಚ ನೀಲಿಯಾಗಿತ್ತು. ಭೇಟಿಯಿತ್ತವರು ದಶಕಗಳ ಕಾಲ ಎಸೆದ ನಾಣ್ಯ ಮತ್ತು ಕಸ ಅದರ ಬಿಸಿನೀರಿನ ಕಂಡಿಗಳನ್ನು ಕಟ್ಟಿ, ನೀರು ತಣಿದು, ಸೂಕ್ಷ್ಮಜೀವಿಗಳು ಒಳಕ್ಕೆ ಹಬ್ಬಿ, ಈಗ ಅದರ ಅಂಚು ಹಳದಿ, ಕಿತ್ತಳೆಗೆ ತಿರುಗಿದೆ. ನಿಯಮಗಳನ್ನು ಪಾಲಿಸಲೇಬೇಕೆಂದು ನಾನು ಒತ್ತಿ ಹೇಳಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಅಮೆರಿಕದ ಡೆತ್ ವ್ಯಾಲಿಯ ರೇಸ್‌ಟ್ರ್ಯಾಕ್ ಬಯಲಿನಲ್ಲಿ ಬಂಡೆಗಳು ತಾವಾಗಿಯೇ ಚಲಿಸಿ ಗೆರೆ ಎಳೆದಂತೆ ಕಾಣುವುದಕ್ಕೆ, ರಾತ್ರಿ ಹೆಪ್ಪುಗಟ್ಟಿದ ತೆಳು ಮಂಜುಗಡ್ಡೆಯ ಹಾಳೆಗಳು ಬಿಸಿಲಿಗೆ ಒಡೆದು ಗಾಳಿಗೆ ತೇಲುತ್ತಾ ಅವುಗಳನ್ನು ತಳ್ಳುವುದೇ ಕಾರಣವೆಂದು 2014ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ನೆಲ ಒದ್ದೆಯಿದ್ದಾಗ ಮೂಡಿದ ಹೆಜ್ಜೆಗುರುತು ವರ್ಷಗಟ್ಟಲೆ ಉಳಿಯುತ್ತದೆ. ಮಳೆಯ ನಂತರ ತಲುಪಿದ್ದರೆ ಅಂಚಿನಿಂದಲೇ ನೋಡಿ ಹಿಂತಿರುಗಿ. ನ್ಯೂಜಿಲೆಂಡಿನ ವೈಟೊಮೊ ಗುಹೆಗಳ ಚಾವಣಿಯಲ್ಲಿ ನಕ್ಷತ್ರಗಳಂತೆ ಬೆಳಗುವುದು ಒಂದು ಬಗೆಯ ನೊಣದ ಮರಿಹುಳುಗಳು. ಅಂಟಿನ ಹನಿಗಳಿರುವ ರೇಷ್ಮೆಯೆಳೆಗಳನ್ನು ಇಳಿಬಿಟ್ಟು, ಬೆಳಕಿಗೆ ಮರುಳಾಗಿ ಬರುವ ಕೀಟಗಳನ್ನು ಅವು ಹಿಡಿಯುತ್ತವೆ. ಅಲ್ಲಿ ಛಾಯಾಚಿತ್ರಕ್ಕೆ ಅವಕಾಶವಿಲ್ಲ, ಮಾತನ್ನೂ ಆದಷ್ಟು ತಗ್ಗಿಸಬೇಕು.

ದೇಹದ ಸಿದ್ಧತೆಯನ್ನು ಹಗುರವಾಗಿ ಪರಿಗಣಿಸಬೇಡಿ. ಉಯುನಿ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ತಗ್ಗು ಪ್ರದೇಶದಿಂದ ನೇರವಾಗಿ ಬಂದವರು ಮೊದಲ ಒಂದೆರಡು ದಿನ ಓಡಾಟ ತಗ್ಗಿಸಿ, ನೀರು ಹೆಚ್ಚು ಕುಡಿದು, ತಲೆನೋವು ಬಲವಾದರೆ ಕೆಳಗಿಳಿಯಲು ಸಿದ್ಧರಿರಬೇಕು. ಉಪ್ಪು ಬಿಸಿಲನ್ನು ಮೇಲಕ್ಕೆ ಎರಚುವುದರಿಂದ ಗಲ್ಲದ ಅಡಿಗೂ ಮೂಗಿನ ಹೊಳ್ಳೆಗಳ ಕೆಳಗೂ ಸನ್‌ಸ್ಕ್ರೀನ್ ಹಚ್ಚಬೇಕು, ಟೋಪಿಯೊಂದೇ ಸಾಲದು.

ಇನ್ನು ಹೋಗಲಾಗದ, ಹೋಗಬಾರದ ಸ್ಥಳಗಳೂ ಇವೆ. ಮೆಕ್ಸಿಕೊದ ನೈಕಾ ಗಣಿಯಲ್ಲಿ 2000ದಲ್ಲಿ ಪತ್ತೆಯಾದ ದೈತ್ಯ ಜಿಪ್ಸಂ ಹರಳುಗಳ ಗುಹೆಯಲ್ಲಿ ಉಷ್ಣತೆ 58 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ನೀರೆತ್ತುವ ಪಂಪುಗಳು ನಿಂತ ಮೇಲೆ ಅದು ಮತ್ತೆ ಮುಳುಗಿದೆ, ಚಿತ್ರಗಳಲ್ಲಷ್ಟೇ ಅದನ್ನು ನೋಡಬಹುದು. ಕೆನಡಾದ ಒಸೊಯೂಸ್ ಬಳಿಯ ಚುಕ್ಕೆಗಳ ಸರೋವರ ಸಿಲ್ಕ್ಸ್ ಮೂಲನಿವಾಸಿಗಳಿಗೆ ಪವಿತ್ರವಾದುದು. ಬೇಸಿಗೆಯಲ್ಲಿ ನೀರು ಆವಿಯಾಗಿ ಖನಿಜಗಳು ಉಳಿದಾಗ ಅಲ್ಲಿ ಹಸಿರು, ಹಳದಿ, ನೀಲಿ ಮಡುಗಳು ಮೂಡುತ್ತವೆ. ದಡಕ್ಕೆ ಇಳಿಯುವಂತಿಲ್ಲ, ಆದರೆ ಹೆದ್ದಾರಿ ಅದಕ್ಕಿಂತ ಎತ್ತರದಲ್ಲಿ ಹಾದುಹೋಗುವುದರಿಂದ ಬೇಲಿಯ ಹೊರಗೆ ನಿಂತವರಿಗೆ ಮಡುಗಳ ವಿನ್ಯಾಸ ಕಾಣುತ್ತದೆ. ಬೇಸಿಗೆಯ ಕೊನೆಯ ವಾರಗಳನ್ನು ಆರಿಸಿ, ಜೊತೆಗೊಂದು ಬೈನಾಕ್ಯುಲರ್ ಇಟ್ಟುಕೊಳ್ಳಿ.