ಸ್ಟೀಲ್ ಮೌತ್‌ಪೀಸು: 11 ಹಾಳಾದ್ಮೇಲೆ 12ನೇದು ಊದ್ತು

ಸ್ಯಾಕ್ಸೋಫೋನಿನ ಮೌತ್‌ಪೀಸ್, ಅಂದ್ರೆ ಬಾಯಲ್ಲಿಟ್ಟು ಊದೋ ತುದಿ, ಸ್ಟೀಲಲ್ಲಿ ನಾನೇ ಮಾಡ್ತೀನಿ ಅಂದಾಗ "ಸ್ಟೀಲ್ ಲೋಟ ಊದ್ದಂಗಿರುತ್ತೆ ಬಿಡಪ್ಪ" ಅಂದಿದ್ರು ನಮ್ ವಾಲಗದ ಸೆಟ್ಟಿನ ಡೋಲಣ್ಣ. ವಾದ್ಯ ರಿಪೇರಿ ಅಂಗಡಿಯೋರಂತೂ "ನೀನು ಲೇತಲ್ಲಿ ಪಂಪ್ ಬುಷ್ ಮಾಡ್ಕೊಂಡಿರು, ಇದೆಲ್ಲ ನಿನ್ ಕೈಲಾಗೋ ಕೆಲ್ಸ ಅಲ್ಲ" ಅಂತ ನಕ್ಬಿಟ್ರು. ಈಗ ಅದೇ ಪುಣ್ಯಾತ್ಮರು ಗಿರಾಕಿಗಳಿಗೆ ಅಂತ ಎರಡು ತಗೊಂಡೋಗಿದಾರೆ. ಒಂದ್ ರೂಪಾಯಿ ಬಿಡ್ಲಿಲ್ಲ ನಾನು.

ನಂದು ಪೀಣ್ಯದಲ್ಲಿ ಸಣ್ಣ ಶೆಡ್ಡು, ಒಂದು ಲೇತು, ಒಂದು ಮಿಲ್ಲಿಂಗು. ಮುಹೂರ್ತ ಇದ್ದ ದಿನ ವಾಲಗದ ಸೆಟ್ಟಲ್ಲಿ ಆಲ್ಟೊ ಸ್ಯಾಕ್ಸೋಫೋನ್. ಕದ್ರಿ ಗೋಪಾಲನಾಥರು ಈ ವಾದ್ಯಕ್ಕೆ ಕರ್ನಾಟಕ ಸಂಗೀತದಲ್ಲಿ ಜಾಗ ಮಾಡಿಕೊಟ್ಟಿದ್ರಿಂದ ನಮ್ಮಂಥೋರ ಹೊಟ್ಟೆನೂ ತುಂಬ್ತಾ ಇದೆ ಅನ್ನಿ. ಆದ್ರೆ ನನ್ ಹತ್ರ ಇದ್ದ ಹಿತ್ತಾಳೆ ಮೌತ್‌ಪೀಸಿನ ಚಿನ್ನದ ನೀರು ಎರಡೇ ವರ್ಷಕ್ಕೆ ಹಲ್ಲು ತಾಗೋ ಜಾಗದಲ್ಲಿ ಹೋಗಿ, ಬಾಯೆಲ್ಲ ಹಿತ್ತಾಳೆ ರುಚಿ. ಎಬೊನೈಟಿಂದು (ಗಟ್ಟಿ ರಬ್ಬರು) ಛತ್ರದ ಮೆಟ್ಟಲ ಮೇಲೆ ಬಿದ್ದು ಶ್ಯಾಂಕ್, ಅಂದ್ರೆ ವಾದ್ಯಕ್ಕೆ ಸಿಕ್ಕಿಸೋ ಹಿಂಬದಿ, ಸೀಳು ಬಿಡ್ತು. ಇಂಗ್ಲೆಂಡಿನ ಬರ್ಗ್ ಲಾರ್ಸನ್‌ನೋರು ಸ್ಟೇನ್‌ಲೆಸ್ ಸ್ಟೀಲಲ್ಲಿ ಮಾಡ್ತಾರೆ ಅಂತ ಗೊತ್ತಿತ್ತು, ಡ್ಯೂಟಿ ಎಲ್ಲಾ ಸೇರಿ 20 ಸಾವಿರದ ಮೇಲೆ ಲೆಕ್ಕ ಬಂತು, ಅಷ್ಟ್ ಕೊಡೋ ಬದ್ಲು ನಾನೇ ಯಾಕೆ ಮಾಡ್ಬಾರ್ದು ಅಂತ ಇಳಿದೆ. ಕೊನೇಗೆ ಹಾಳಾಗಿದ್ದು ಹತ್ರತ್ರ 38 ಸಾವಿರ, ಅದು ಬೇರೆ ಮಾತು.

ಮೊದಲ್ನೇ ಪಾಠ ರಾಡಿಂದು. ಗುಜರಿಯಿಂದ 25 ಎಂಎಂ ರಾಡ್ ತಂದೆ, ಮ್ಯಾಗ್ನೆಟ್ ಹಿಡಿದೆ, ಅಂಟ್ಲಿಲ್ಲ, 304 ಅನ್ನೋ ಒಳ್ಳೇ ಗ್ರೇಡ್ ಸ್ಟೀಲ್ ಅಂದ್ಕೊಂಡೆ. ಒಂದು ತಿಂಗ್ಳು ಎಂಜಲು ಬಿದ್ದಿದ್ದೇ ತಡ ಟೇಬಲ್ (ರೀಡ್ ಅನ್ನೋ ಬೆತ್ತದ ಪಟ್ಟಿ ಕೂರೋ ಸಪಾಟು ಜಾಗ) ಮೇಲೆ ಕಂದು ಚುಕ್ಕೆ. 202 ಅನ್ನೋ ಅಗ್ಗದ ಗ್ರೇಡ್ ಮಾಲು ಅದು. 202ಕ್ಕೂ ಮ್ಯಾಗ್ನೆಟ್ ಅಂಟಲ್ಲ ರೀ, ಮ್ಯಾಗ್ನೆಟ್ ನಂಬ್ಕೊಂಡು ಕೂರ್ಬೇಡಿ. ಬ್ಯಾಟರಿ ಹಿಡಿದು ಒಂದು ತೊಟ್ಟು ಹಾಕ್ತಾರಲ್ಲ ಆ ಟೆಸ್ಟಿಂಗ್ ಲಿಕ್ವಿಡ್, ಕೆಂಪಾದ್ರೆ 202, ಆಗ್ಲೇ ಅಂಗಡಿಯೋನಿಗೆ ವಾಪಸ್ ಕೊಟ್ಬಿಡಿ. ಆಮೇಲೆ ಬಿಲ್ ಇರೋ 304 ತಂದೆ. ಒಂದು ಪೀಸಿಗೆ 350 ಗ್ರಾಂ ಕಚ್ಚಾ ಮಾಲು, 100 ರೂಪಾಯಿ ಆಜುಬಾಜು. ಮೆಟೀರಿಯಲ್ ಖರ್ಚೇ ಅಲ್ಲ ಇದ್ರಲ್ಲಿ, ಹೋಗೋದೆಲ್ಲ ವೈರ್‌ಕಟ್ಟಿಗೆ (ಕರೆಂಟ್ ತಂತೀಲಿ ಕೊಯ್ಯೋದು), ಸ್ಪಾರ್ಕಿಗೆ (ಕರೆಂಟ್ ಕಿಡೀಲಿ ಕೊರೆಯೋದು), ನಮ್ ಟೈಮಿಗೆ.

304 ಡ್ರಿಲ್ ಮಾಡೋರಿಗೆ ಗೊತ್ತೇ ಇದೆ, ಒಂದು ಸಲ ಫೀಡ್ (ಡ್ರಿಲ್ ಒಳಗೆ ತಳ್ಳೋದು) ನಿಲ್ಲಿಸಿದ್ರೆ ಆ ಜಾಗ ಕಲ್ಲಾಗ್ಬಿಡುತ್ತೆ. ಫೋನ್ ಬಂತು ಅಂತ ಕೈ ಬಿಟ್ಟೆ, ಹೋಯ್ತು ಡ್ರಿಲ್ಲೂ ಪೀಸೂ. ಹಿಂಗೇ ಮೂರು. ಈಗ ಬೋರ್ ಮಾಡೋವಾಗ ಫೋನ್ ಶೆಡ್ಡಿನ ಆಚೆ. ಶ್ಯಾಂಕ್ ಬೋರು 15.9 ಎಂಎಂ ಇಟ್ಕೊಂಡೆ, ವಾದ್ಯದ ಕತ್ತಿನ ಕಾರ್ಕಿಗೆ ಸರಿ ಕೂರುತ್ತೆ. ರೀಡ್ ಕೆಳಗಿನ ಕಿಟಕಿ, ಟೇಬಲ್ ವೈರ್‌ಕಟ್ಟಲ್ಲಿ, ಬ್ಯಾಫಲ್ (ಮೂತಿ ಹಿಂದಿನ ಒಳ ಇಳಿಜಾರು) ಕಾಪರ್ ಎಲೆಕ್ಟ್ರೋಡ್ ಮಾಡಿ ಸ್ಪಾರ್ಕಲ್ಲಿ.

ಹೊಟ್ಟೆ ಉರಿಯೋ ಕತೆ ಬಫಿಂಗಿಂದು. ನಾಲ್ಕು ಪೀಸು ಫೇಸಿಂಗ್ (ರೀಡಿಂದ ದೂರ ಬಾಗೋ ಭಾಗ) ಎಲ್ಲಾ ಮುಗ್ಸಿ, ಚೆನ್ನಾಗಿ ಕಾಣ್ಲಿ ಅಂತ ಪಾಲಿಶ್ ಅಂಗಡಿಗೆ ಕೊಟ್ಟೆ, "ಮೂತಿ ಮುಟ್ಬೇಡಿ" ಅಂತ ಹೇಳಿದ್ದೆ. ಸಂಜೆ ಹೋದ್ರೆ ಕನ್ನಡಿ ಥರ ಹೊಳೀತಿವೆ, ಮುಖ ನೋಡ್ಕೋಬಹುದು. ಟಿಪ್ ರೈಲ್, ಅಂದ್ರೆ ಮೂತಿ ತುದಿಯ ಅಂಚು, ಒಂದು ಎಂಎಂ ಅಗ್ಲ ಚೂಪಾಗಿ ಇದ್ದಿದ್ದು ಚಮಚದ ಅಂಚಿನ ಥರ ದುಂಡಗಾಗಿತ್ತು. ರೀಡ್ ಕಟ್ಟಿ ಶ್ಯಾಂಕ್ ಅಂಗೈಲಿ ಮುಚ್ಚಿ ಗಾಳಿ ಎಳೆದು ಬಿಟ್ರೆ ಎರಡು ಮೂರು ಸೆಕೆಂಡ್ ಹಿಡ್ಕೊಂಡು 'ಪಟ್' ಅನ್ಬೇಕಲ್ವಾ, ಇದು ಎಳೆದ್ರೆ ಬರೀ ಸುಯ್ಯ್. ನಾಲ್ಕೂ ಗುಜರಿಗೆ. ಆ ಹುಡುಗ "ಸಾರ್ ಫ್ರೀಯಾಗಿ ಇನ್ನೊಂದ್ ಕೋಟ್ ಹೊಡಿತೀನಿ" ಅಂತಾನೆ, ಏನ್ ಹೇಳ್ತೀರಿ.

ಅವತ್ತೇ ತಲೆಗೆ ಹೋಗಿದ್ದು ಇದು. ಸ್ಟೀಲಿಗೆ ಅಂತ ಬೇರೆ ನಾದ ಇಲ್ಲ, ಇದ್ರೂ ನನ್ ಕಿವಿಗೆ ಸಿಕ್ಕಿಲ್ಲ. ನಾದ ಇರೋದು ಮೂತಿಯ ಆ ಒಂದು ಎಂಎಂ ಅಲ್ಲಿ, ಅದ್ರ ಹಿಂದಿನ ಇಳಿಜಾರಲ್ಲಿ. ಸ್ಟೀಲಿನ ಲಾಭ ಏನಪ್ಪ ಅಂದ್ರೆ ಒಂದು ಸಲ ಕೂರಿಸಿದ್ ಅಂಚು ಅಲ್ಲಾಡಲ್ಲ, ಸವೆಯಲ್ಲ, ಮೇಲೆ ಲೇಪ ಬೇಡ. ಇದನ್ನ ಬಿಟ್ಟು ನಾನು ಗ್ರೇಡ್ ಹಿಂದೆ, 316 ಹಿಂದೆ ಓಡಾಡಿದ್ದೆ. ಒಂದು 316ರಲ್ಲೂ ಮಾಡಿದೆ, ಕಣ್ಣು ಮುಚ್ಕೊಂಡು ಊದಿದ್ರೆ ನನಗೆ ಯಾವ್ದು ಯಾವ್ದೋ ಗೊತ್ತಾಗ್ಲಿಲ್ಲ.

12ನೇದಕ್ಕೆ ಟಿಪ್ ಓಪನಿಂಗ್ (ಮೂತಿ ತುದೀಲಿ ರೀಡಿಗೂ ಅಂಚಿಗೂ ಇರೋ ಸಂದು) 1.9 ಎಂಎಂ, ಫೇಸಿಂಗ್ ಉದ್ದ 21 ಎಂಎಂ ಹತ್ರ. ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್, ಆಮೇಲೆ 600, ಎರಡೂ ಪಕ್ಕದ ಅಂಚು ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ಪಟ್ಟಿ) ಸಮ ಬರೋ ತನಕ. ಎಬೊನೈಟ್ ಹತ್ತು ಉಜ್ಜಿಗೆ ಬರೋದು ಇದ್ರಲ್ಲಿ ನೂರು ಉಜ್ಜಿಗೂ ಬರಲ್ಲ, ಅದೇ ಒಳ್ಳೇದು, ತಪ್ಪೂ ನಿಧಾನಕ್ಕೇ ಆಗುತ್ತೆ. ಬ್ಯಾಫಲ್ ಮೊದ್ಲು ಎತ್ತರ ಆಗಿ ತಾರಸ್ಥಾಯಿಲಿ ಕೀಚ್ ಅಂತಿತ್ತು. ಅದನ್ನ ಹೆಂಗೆ ಸರಿ ಮಾಡ್ದೆ, ಯಾವ ಬರ್ (ಅರೆಯೋ ಸಣ್ಣ ಬಿಟ್) ಹಾಕ್ದೆ, ಅದೊಂದು ಕೇಳ್ಬೇಡಿ, 38 ಸಾವಿರ ಕೊಟ್ಟು ಕಲ್ತಿದ್ದು.

ಲಿಗೇಚರಿಗೆ, ಅಂದ್ರೆ ರೀಡ್ ಬಿಗಿಯೋ ಪಟ್ಟಿಗೆ, ಮೊದಲು ಹೋಸ್ ಕ್ಲಾಂಪ್ ಹಾಕಿದ್ದೆ, ನಗ್ಬೇಡಿ, ರೀಡ್ ಕಚ್ಚಿ ಹಾಳು ಮಾಡ್ತು. ಸ್ಟೀಲ್ ರಿಂಗಿಗೆ ಸ್ಟೀಲ್ ಸ್ಕ್ರೂ ಹಾಕಿದ್ರೆ ಥ್ರೆಡ್ ಹಿಡ್ಕೊಂಡು ಜಾಮ್, ಸ್ಕ್ರೂ ಹಿತ್ತಾಳೇದೇ ಹಾಕಿ. ಹಲ್ಲು ಕೂರೋ ಜಾಗಕ್ಕೆ 0.8 ಎಂಎಂ ರಬ್ಬರ್ ಅಂಟಿಸ್ದೇ ಹೋದ್ರೆ ಬುರುಡೆ ಜುಮ್ಮನ್ನುತ್ತೆ.

ಮಧ್ಯೆ ಬೇಜಾರಾದಾಗ ಉಳಿದ ಸ್ಟೀಲ್ ಪೈಪ್ ತುಂಡಲ್ಲಿ ಸೀಟಿ ಮಾಡ್ದೆ. ಒಂದು ಕಡೆ ಮುಚ್ಚಿದ 28 ಎಂಎಂ ಕೊಳವೆ, ಲೆಕ್ಕದ ಪ್ರಕಾರ 3000 ಹರ್ಟ್ಜ್ ಆಸುಪಾಸು. ಗಾಳಿ ಹೋಗೋ ಸಂದು ಒಂದೂವರೆ ಎಂಎಂ ಇದ್ದಾಗ ಬರೀ ಉಸಿರು, ಒಂದಕ್ಕೆ ಇಳಿಸಿದ ಮೇಲೆ ಕಿವಿ ಗುಂಯ್. ನಮ್ ಬೀದಿ ರಾತ್ರಿ ವಾಚ್‌ಮನ್ನಿಗೆ ಕೊಟ್ಟೆ. ಮೂರನೇ ದಿನ ಅಸೋಸಿಯೇಷನ್ ಅಂಕಲ್ಲು ಮನೆ ಹತ್ರ ಬಂದು "ಯಾರ್ ಮಾಡ್ಕೊಟ್ಟಿದ್ದು ಇದನ್ನ?" ಅಂತ ವಿಚಾರ್ಸಿದ್ರು, ನಾನು ಸುಮ್ನಿದ್ದೆ.

12ನೇದನ್ನ ಮೊದ್ಲು ಊದಿದ್ದು ಡಿಸೆಂಬರಲ್ಲಿ, ಬೆಳಗ್ಗೆ ಐದೂವರೆ ಮುಹೂರ್ತಕ್ಕೆ. ಹಿತ್ತಾಳೆಗಿಂತ ಸ್ಟೀಲು ಶಾಖ ಎಳೆಯೋದು ಆರೇಳು ಪಟ್ಟು ಕಮ್ಮಿ, ಆ ಚಳೀಲೂ ತುಟಿ ಬೇಗ ಬೆಚ್ಚಗಾಯ್ತು. ಧಾರೆ ಹೊತ್ತಿಗೆ ಗಟ್ಟಿಮೇಳ ಅಂದಾಗ ಡೋಲಿನ ಮೇಲೂ ಕೇಳ್ತು. ಡೋಲಣ್ಣ ಏನೂ ಹೇಳ್ಲಿಲ್ಲ, ಊಟಕ್ಕೆ ಕೂತಾಗ ಮಾತ್ರ ತಗೊಂಡು ತಿರುಗ್ಸಿ ಮುರುಗ್ಸಿ ನೋಡಿ "ಹೆಸರು ಕೆತ್ಸು, ಯಾರಾದ್ರೂ ಎತ್ಕೊಂಡೋಗ್ತಾರೆ" ಅಂದ್ರು. ಪಾತ್ರೆ ಅಂಗಡಿ ಮುಂದೆ ತಟ್ಟೆ ಚೊಂಬಿಗೆ ಹೆಸರು ಕೆತ್ತೋರ ಹತ್ರಾನೇ ಕೆತ್ತಿಸ್ದೆ, 40 ರೂಪಾಯಿ. ಪಕ್ಕದಲ್ಲಿ 1.9 ಅಂತ ಹಾಕಿ ಅಂದ್ರೆ ಅವ್ರು "ಇದೇನ್ ಸಾರ್, ತಾರೀಖಾ?" ಅಂದ್ರು.

ಈಗ ಒಂಬತ್ತೋ ಹತ್ತೋ ಹೋಗಿವೆ, 6500ರ ಹಂಗೆ. ಟೆನರ್ ಸ್ಯಾಕ್ಸೋಫೋನಿಗೆ (ಆಲ್ಟೊಗಿಂತ ದೊಡ್ಡದು) ದಪ್ಪ ರಾಡ್ ತಂದಿಟ್ಟಿದೀನಿ, ಈ ಸಲ ಪಾಲಿಶ್ ಮನೇಲೇ, ಕೈಯಲ್ಲೇ.